ಪೊರಕೆಯ ಸರದಿ

ಜರ್ಮನಿಯ ಸ್ಟುಟ್‌ಗಾರ್ಟ್ ಸುತ್ತಮುತ್ತ ನಾಲ್ಕು ಕನ್ನಡಿಗರು ಸೇರಿದರೆ, ಅದು ಯುಗಾದಿ ಊಟವಿರಲಿ, ಮಗುವಿನ ಹುಟ್ಟುಹಬ್ಬವಿರಲಿ, ಎರಡು ಮಾತು ಬಂದೇ ಬರುತ್ತವೆ. ಹೋಳಿಗೆ ಬಡಿಸುವ ಹೊತ್ತಿಗೆ ಮೊದಲನೆಯದು: "ಏನೇ ಹೇಳಿ, ಇವರಿಗೆ ಶಿಸ್ತು ಅನ್ನೋದು ರಕ್ತದಲ್ಲೇ ಇದೆ." ಕಾಫಿ ಹೊತ್ತಿಗೆ ಎರಡನೆಯದು: "ಏನಿದ್ದು ಏನು ಬಂತು, ಮನುಷ್ಯತ್ವ ಅಂತ ಒಂದಿಲ್ಲ ನೋಡಿ. ಪಕ್ಕದ ಮನೇಲಿ ಸತ್ತರೂ ಗೊತ್ತಾಗಲ್ಲ." ಎರಡನ್ನೂ ಒಬ್ಬರೇ ಹೇಳುವುದೂ ಉಂಟು. ಮೊದಲ ಮಾತಿಗೆ ಎಲ್ಲರೂ ತಲೆಯಾಡಿಸುತ್ತಾರೆ, ಎರಡನೆಯದಕ್ಕೆ ಇನ್ನೂ ಜೋರಾಗಿ.

ಈ ಎರಡು ಮಾತೂ ಹೊಸ ದೇಶದಲ್ಲಿ ಕಣ್ಣಿಗೆ ಬೀಳುವ ಸಣ್ಣಪುಟ್ಟ ವ್ಯತ್ಯಾಸಗಳನ್ನೆಲ್ಲ ಜನರ ಹುಟ್ಟುಗುಣದ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುತ್ತವೆ. ಅವರು ಶಿಸ್ತಿನ ಜನ, ನಾವು ಅಂತಃಕರಣದ ಜನ, ವಿಷಯ ಮುಗಿಯಿತು. ನನಗೆ ಇದು ಮುಗಿಯುವ ವಿಷಯ ಅನ್ನಿಸುವುದಿಲ್ಲ. ಇಲ್ಲಿ ಬಾಡಿಗೆ ಕರಾರು, ಬಾಟಲಿಯ ಠೇವಣಿ, ಸಂಬಳದ ಚೀಟಿ ಇಂಥವು ಹೊರುವ ಭಾರವನ್ನು ನಮ್ಮಲ್ಲಿ ಮನುಷ್ಯರು ಹೊರುತ್ತಾರೆ. ಹೊರುವ ಆ ಮನುಷ್ಯರು ಯಾರು ಎಂದು ಮಾತ್ರ ನಾವು ಯಾವತ್ತೂ ಕೇಳಿಕೊಳ್ಳುವುದಿಲ್ಲ. ಪರದೇಶದಲ್ಲಿ ಸಂಸಾರ ಹೂಡಿದವರಿಗೆ ಅದನ್ನು ಕೇಳಿಕೊಳ್ಳುವ ಅವಕಾಶ ತಾನಾಗಿ ಒದಗುತ್ತದೆ. ಬಹುತೇಕರು ಅದನ್ನು ಹೋಳಿಗೆ ಜೊತೆ ನುಂಗಿಬಿಡುತ್ತಾರೆ.

ಪೊರಕೆಯಿಂದಲೇ ಶುರು ಮಾಡೋಣ. ಸ್ಟುಟ್‌ಗಾರ್ಟ್ ಇರುವ ಶ್ವಾಬಿಯಾ ಸೀಮೆಯ ಬಾಡಿಗೆ ಕಟ್ಟಡಗಳಲ್ಲಿ ಒಂದು ಪುಟ್ಟ ಹಲಗೆ ಮನೆಯಿಂದ ಮನೆಗೆ ಓಡಾಡುತ್ತಿರುತ್ತದೆ. ಅದರ ಮೇಲೆ 'ಕೇರ್‌ವೊಖೆ' ಎಂದು ಬರೆದಿರುತ್ತದೆ, ಅಂದರೆ ಗುಡಿಸುವ ವಾರ. ಹಲಗೆ ಯಾರ ಬಾಗಿಲಿಗೆ ತೂಗುತ್ತಿದೆಯೋ ಆ ವಾರ ಮಹಡಿ ಮೆಟ್ಟಿಲು ಗುಡಿಸಿ ಒರೆಸುವ ಸರದಿ ಅವರದು. ಇದು ಚಿಕ್ಕ ಸರದಿ. ದೊಡ್ಡ ಸರದಿ ಬಂತೆಂದರೆ ನೆಲಮಾಳಿಗೆ, ಮುಂಬಾಗಿಲು, ಕಸದ ಡಬ್ಬಿ ಇಡುವ ಜಾಗ, ಕಟ್ಟಡದ ಮುಂದಿನ ಫುಟ್‌ಪಾತು ಎಲ್ಲವೂ ಸೇರುತ್ತವೆ. ಚಳಿಗಾಲದಲ್ಲಿ ರಾತ್ರಿ ಹಿಮ ಬಿದ್ದಿದ್ದರೆ ಕೆಲಸದ ದಿನಗಳಲ್ಲಿ ಬೆಳಗ್ಗೆ 7ರೊಳಗೆ ಫುಟ್‌ಪಾತಿನ ಹಿಮ ತೆಗೆದು, ಕಾಲು ಜಾರದಂತೆ ಸಣ್ಣ ಹರಳು ಎರಚಿರಬೇಕು. ಯಾರಾದರೂ ಜಾರಿಬಿದ್ದು ಕೈಕಾಲು ಮುರಿದುಕೊಂಡರೆ ಹೊಣೆ ನಮ್ಮ ತಲೆಗೇ ಸುತ್ತಿಕೊಳ್ಳಬಹುದು. ವಾರ ಮುಗಿಯುವುದರೊಳಗೆ ಕೆಲಸ ಮಾಡಿ ಹಲಗೆಯನ್ನು ಪಕ್ಕದ ಮನೆ ಬಾಗಿಲಿಗೆ ತೂಗುಹಾಕಿದರೆ ಬಿಡುಗಡೆ.

ಇದು ರಕ್ತದಲ್ಲಿ ಬಂದದ್ದಲ್ಲ. 1492ರಲ್ಲಿ ವ್ಯುರ್ಟೆಂಬರ್ಗಿನ ದೊರೆ 'ಗಡ್ಡದ ಎಬರ್‌ಹಾರ್ಡ್' ಸ್ಟುಟ್‌ಗಾರ್ಟಿಗೆ ಮಾಡಿಕೊಟ್ಟ ಕಟ್ಟಳೆಯಲ್ಲಿ, ಊರು ಶುಚಿಯಾಗಿರಬೇಕು, ಪ್ರತಿಯೊಬ್ಬರೂ ತಮ್ಮ ತಮ್ಮ ತಿಪ್ಪೆಯನ್ನು ವಾರಕ್ಕೊಮ್ಮೆ ಊರಾಚೆ ಸಾಗಿಸಬೇಕು ಎಂದಿತ್ತು. ದೊರೆಯೇ ಬಾಯಿಬಿಟ್ಟು ಹೇಳಬೇಕಾಯಿತು ಅಂದಮೇಲೆ ಜನ ಸಾಗಿಸುತ್ತಿರಲಿಲ್ಲ ಎಂದೇ ಅರ್ಥ. 1714ರಲ್ಲಿ ಬೀದಿ ಚೊಕ್ಕಟದ ಬಗ್ಗೆ ಮತ್ತೊಂದು ಆಜ್ಞೆ ಹೊರಟಿತು, ಮೊದಲಿನದು ಸಾಲದೆ ಬಂದಿತ್ತು. 1988ರಲ್ಲಿ ಸ್ಟುಟ್‌ಗಾರ್ಟ್ ನಗರಾಡಳಿತ ಈ ಸರದಿಯನ್ನು ತನ್ನ ಕಾಯ್ದೆಯಿಂದ ಕೈಬಿಟ್ಟಿತು. ಅಷ್ಟು ಹೊತ್ತಿಗೆ ಅದು ಬಾಡಿಗೆ ಕರಾರಿನೊಳಗೆ, ಕಟ್ಟಡದ ನಿಯಮಾವಳಿಯೊಳಗೆ ಭದ್ರವಾಗಿ ಕೂತಿತ್ತು. ಕರಾರಿಗೆ ಸಹಿ ಹಾಕಿದವನು ಶ್ವಾಬಿಯಾದವನೋ ಶಿವಮೊಗ್ಗದವನೋ ಹಲಗೆಗೆ ಬೇಕಿಲ್ಲ. ನಾವು ಶಿಸ್ತಿನ ಸ್ವಭಾವ ಎನ್ನುವುದು ಬಹಳ ಸಲ ಇಂಥದ್ದೇ: ಮಾಡಿದವರು ಯಾರೆಂದು ಮರೆತುಹೋಗುವಷ್ಟು ಹಳೆಯದಾದ ಕಟ್ಟಳೆ.

ನಮ್ಮಲ್ಲಿ ಗುಡಿಸುವುದಿಲ್ಲವೇ? ಇವರಿಗಿಂತ ಹೆಚ್ಚು ಗುಡಿಸುತ್ತೇವೆ. ವಾರಕ್ಕೊಮ್ಮೆಯಲ್ಲ, ದಿನಾ ಸೂರ್ಯ ಹುಟ್ಟುವ ಮುಂಚೆ ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಇಡುತ್ತೇವೆ. ಈ 'ಗುಡಿಸುತ್ತೇವೆ'ಯಲ್ಲಿ ಗಂಡಸರು ಎಷ್ಟು ಮಂದಿ? ಮನೆ ಅಂಗಳ ಅಮ್ಮನದು, ಅತ್ತಿಗೆಯದು, ಇಲ್ಲವೇ ಕೆಲಸದವಳದು. ಅಂಗಳದಾಚೆಯ ಬೀದಿ ಪೌರಕಾರ್ಮಿಕರದು. ಆ ಪೊರಕೆ ಯಾವ ಜಾತಿಯವರ ಕೈಯಲ್ಲಿ ಎಷ್ಟು ತಲೆಮಾರಿನಿಂದ ಇದೆ ಎಂಬುದು ಹೇಳಿಸಿಕೊಳ್ಳಬೇಕಾದ ಸಂಗತಿಯಲ್ಲ. ಕರ್ನಾಟಕದಿಂದ ಬಂದು ಇಲ್ಲಿ ಕಾರು ಕಂಪನಿಗಳಲ್ಲಿ ಸಾಫ್ಟ್‌ವೇರ್ ಬರೆಯುವ ಹುಡುಗರಲ್ಲಿ ಹಲವರಿಗೆ, ನಾಲ್ಕು ಜನ ಓಡಾಡುವ ಮೆಟ್ಟಿಲನ್ನು ತಾನೇ ಬಗ್ಗಿ ಒರೆಸುವುದು ಹುಟ್ಟಿದಾಗಿನಿಂದ ಇದೇ ಮೊದಲು. ದಾವಣಗೆರೆ ಕಡೆಯ ಒಬ್ಬ ಹುಡುಗ ಹಲಗೆ ಬಂದ ವಾರ ಮೊದಲು ಮಾಡಿದ ಕೆಲಸವೆಂದರೆ ಕ್ಲೀನಿಂಗ್ ಕಂಪನಿಯೊಂದಕ್ಕೆ ಫೋನು ಹಚ್ಚಿದ್ದು. ಗಂಟೆಗೆ ಎಷ್ಟು ಎಂದು ಕೇಳಿ ಫೋನಿಟ್ಟ. ಬಕೆಟ್ಟು ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಾಗ ಊರಿಂದ ವಿಡಿಯೋ ಕಾಲ್ ಬಂತು. ಅವನ ತಾಯಿ ಗಾಬರಿಯಿಂದ ಕೇಳಿದ್ದು ಒಂದೇ ಪ್ರಶ್ನೆ: "ಅಯ್ಯೋ, ಅದಕ್ಕೆಲ್ಲ ಅಲ್ಲಿ ಜನ ಸಿಗಲ್ವೇನೋ?"

ಸಿಗುತ್ತಾರೆ. ಆದರೆ ಅವರ ಕೈಗೆ ಬೆಲೆ ಇದೆ. 2015ರಿಂದ ಇಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಕನಿಷ್ಠ ವೇತನದ ಕಾಯ್ದೆ ಇದೆ, ಕೆಲಸಕ್ಕೆ ಇಟ್ಟುಕೊಂಡವರ ವಿಮೆ, ರಜೆಯ ಲೆಕ್ಕವೂ ಇದೆ. ಪೊರಕೆ ಮನೆಯ ಯಜಮಾನನ ಕೈಗೆ ಬಂದದ್ದು ಸಮಾನತೆಯ ಮೇಲಿನ ಭಕ್ತಿಯಿಂದಲ್ಲ, ಇನ್ನೊಬ್ಬರ ಬೆನ್ನು ಅಗ್ಗಕ್ಕೆ ಸಿಗದೇ ಹೋದದ್ದರಿಂದ. ಶ್ವಾಬಿಯಾದಲ್ಲೂ ಹಿಂದೆಲ್ಲ ಈ ಸರದಿ ಮುಗಿಸುತ್ತಿದ್ದವರು ಹೆಚ್ಚಾಗಿ ಹೆಂಗಸರೇ. ಅವರು ಹೊರಗೆ ದುಡಿಯಲು ಹೋದಮೇಲೆ ಗಂಡಸರ ಸೊಂಟವೂ ಬಗ್ಗಿತು.

ಶಿಸ್ತು ಹುಟ್ಟುಗುಣ ಎನ್ನುವವರನ್ನು ನಾನು ರೈಲು ನಿಲ್ದಾಣಕ್ಕೆ ಕರೆದುಕೊಂಡು ಹೋಗಲು ಇಷ್ಟಪಡುತ್ತೇನೆ. 2024ರಲ್ಲಿ ಜರ್ಮನಿಯ ದೂರದೂರಿನ ರೈಲುಗಳಲ್ಲಿ ಸಮಯಕ್ಕೆ ಸರಿಯಾಗಿ ಬಂದವು ಶೇಕಡ 62.5 ಮಾತ್ರ. ಅದೂ 6 ನಿಮಿಷದೊಳಗಿನ ವಿಳಂಬವನ್ನು ವಿಳಂಬವೆಂದೇ ಗಣಿಸದ ಲೆಕ್ಕದಲ್ಲಿ. ಸ್ಟುಟ್‌ಗಾರ್ಟಿನ ಹೊಸ ನಿಲ್ದಾಣದ ಕೆಲಸ 2010ರಲ್ಲಿ ಶುರುವಾಯಿತು. 2019ಕ್ಕೆ ತೆರೆಯಬೇಕಿದ್ದದ್ದಕ್ಕೆ ಇನ್ನೂ ಗಡುವಿನ ಮೇಲೆ ಗಡುವು ಕೊಡುತ್ತಿದ್ದಾರೆ. ಜನ ಅವರೇ, ರಕ್ತವೂ ಅದೇ. ಹಳಿಗೆ, ಸಿಗ್ನಲ್ಲಿಗೆ ಹಾಕಬೇಕಾದ ದುಡ್ಡನ್ನು ವರ್ಷಗಟ್ಟಲೆ ಹಾಕದೆ ಬಿಟ್ಟದ್ದಕ್ಕೆ ಜಗತ್ಪ್ರಸಿದ್ಧವಾದ ಸಮಯಪಾಲನೆ ಮೂಲೆಗೆ ಹೋಯಿತು.

ಇದರ ಉಲ್ಟಾ ಉದಾಹರಣೆ ಬಾಟಲಿ. 2003ರ ಜನವರಿ 1ರವರೆಗೆ ಇಲ್ಲಿ ಬಿಯರಿನ ಡಬ್ಬಿಗೂ ಬಳಸಿ ಎಸೆಯುವ ಪ್ಲಾಸ್ಟಿಕ್ ಬಾಟಲಿಗೂ ಠೇವಣಿ ಇರಲಿಲ್ಲ. ಈಗ ಒಂದಕ್ಕೆ 25 ಸೆಂಟ್. ಅಂಗಡಿಯ ಯಂತ್ರದ ಬಾಯಿಗೆ ಖಾಲಿ ಬಾಟಲಿ ಹಾಕಿದರೆ ಚೀಟಿ ಬರುತ್ತದೆ, ಅದನ್ನು ಗಲ್ಲಾದಲ್ಲಿ ಕೊಟ್ಟರೆ ದುಡ್ಡು ವಾಪಸ್. ಪಾರ್ಕಿನಲ್ಲಿ ಬಾಟಲಿ ಬಿದ್ದಿರದೇ ಇರುವುದಕ್ಕೆ ಕಾರಣ ಈ 25 ಸೆಂಟು. ಆದರೆ ಇಲ್ಲೇ ಇನ್ನೊಂದು ಇದೆ. ನಿಲ್ದಾಣಗಳಲ್ಲಿ, ಹಬ್ಬದ ಮೈದಾನಗಳಲ್ಲಿ ಕಸದ ತೊಟ್ಟಿಗೆ ಕೈ ಹಾಕಿ ಬಾಟಲಿ ಹುಡುಕುವ ಬಡವರಿದ್ದಾರೆ. ಅವರಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಮುದುಕರೂ ಕಾಣುತ್ತಾರೆ, ಪಿಂಚಣಿ ಸಾಲದವರು. ಅವರು ಹೊಲಸಿನೊಳಗೆ ಕೈ ಹಾಕಬೇಕಾಗದಿರಲಿ ಎಂದು ಜನ ಖಾಲಿ ಬಾಟಲಿಯನ್ನು ತೊಟ್ಟಿಯೊಳಗೆ ಎಸೆಯದೆ, ಅದರ ಬುಡದಲ್ಲಿ ನೆಟ್ಟಗೆ ನಿಲ್ಲಿಸಿ ಹೋಗುತ್ತಾರೆ. ಹಾಗೆ ಮಾಡಿ ಎಂದು ಯಾವ ಕಾಯ್ದೆಯೂ ಹೇಳಿಲ್ಲ. ಕಾಯ್ದೆ ಬಿಟ್ಟ ಸಂದಿಯಲ್ಲಿ ಹುಟ್ಟಿಕೊಂಡ ಮರ್ಯಾದೆ ಅದು. ಮನುಷ್ಯತ್ವ ಇಲ್ಲ ಎನ್ನುವವರು ಕಾಫಿ ಕಪ್ಪು ಕೆಳಗಿಟ್ಟು ಇದನ್ನೊಮ್ಮೆ ನೋಡಿ ಬರಬೇಕು.

ಆ ಎರಡನೆಯ ಮಾತಿಗೇ ಬರೋಣ. ಇವರಲ್ಲಿ ಅಂತಃಕರಣ ಕಡಿಮೆ ಎಂಬುದಕ್ಕೆ ನಮ್ಮವರು ಕೊಡುವ ಸಾಕ್ಷಿಗಳು ಗೊತ್ತಿರುವಂಥವೇ. ಹೋಟೆಲಿನಲ್ಲಿ ಊಟ ಮುಗಿದ ಕೂಡಲೇ ಮಾಣಿ ಬಂದು ಬಿಲ್ಲು ಒಟ್ಟಿಗೋ ಬೇರೆಬೇರೆಯೋ ಎನ್ನುತ್ತಾನೆ, ಜೀವದ ಗೆಳೆಯರೂ ತಾವು ಕುಡಿದ ನೀರಿನ ಬಾಟಲಿಯವರೆಗೆ ಲೆಕ್ಕ ಹಾಕಿ ಕೊಡುತ್ತಾರೆ. ಹೇಳದೆ ಕೇಳದೆ ಯಾರ ಮನೆಗೂ ಹೋಗುವಂತಿಲ್ಲ. ಅಪ್ಪ ಅಮ್ಮನಿಗೆ ವಯಸ್ಸಾದರೆ ವೃದ್ಧರ ಮನೆ. ಬೆಂಗಳೂರಿನ ದರ್ಶಿನಿಯಲ್ಲಾದರೋ ಎರಡು ಕಾಫಿಯ ದುಡ್ಡಿಗೆ "ನಾನ್ ಕೊಡ್ತೀನಿ, ನೀನ್ ಸುಮ್ನಿರು" ಎಂದು ಗಲ್ಲಾದ ಮುಂದೆ ಕೈ ಕೈ ಹಿಡಿದು ಎಳೆದಾಡುತ್ತೇವೆ.

ಹೌದು, ಎಳೆದಾಡುತ್ತೇವೆ. ಯಾಕೆ ಎಂದು ನೋಡಬೇಕಾದರೆ ಇಲ್ಲಿಯ ಸಂಬಳದ ಚೀಟಿಯನ್ನು ಮುಂದಿಟ್ಟುಕೊಳ್ಳಬೇಕು. ಪಿಂಚಣಿಗೆ ಸಂಬಳದ ಶೇಕಡ 18.6, ಆರೋಗ್ಯ ವಿಮೆಗೆ 14.6 ಮತ್ತು ಅದರ ಮೇಲೊಂದಿಷ್ಟು, ನಿರುದ್ಯೋಗ ವಿಮೆಗೆ 2.6, ಮುಪ್ಪಿನಲ್ಲಿ ನೋಡಿಕೊಳ್ಳುವವರಿಗೆಂದು ಇನ್ನೊಂದು ವಿಮೆ. ಹೆಚ್ಚುಕಡಿಮೆ ಅರ್ಧ ಕಂಪನಿಯದು, ಅರ್ಧ ನೌಕರನದು. ತೆರಿಗೆ ಬೇರೆ. ಅಂದಿನ ಜರ್ಮನಿಯ ಚಾನ್ಸೆಲರ್ ಬಿಸ್ಮಾರ್ಕ್ 1883ರಲ್ಲಿ ಕಾಯಿಲೆಗೆ, 1884ರಲ್ಲಿ ಅಪಘಾತಕ್ಕೆ, 1889ರಲ್ಲಿ ಮುಪ್ಪಿಗೆ ವಿಮೆಯ ಕಾಯ್ದೆ ತಂದ. ತಂದದ್ದು ಕರುಣೆಯಿಂದಲ್ಲ, ಕಾರ್ಮಿಕರು ಸಮಾಜವಾದಿಗಳ ಕಡೆ ವಾಲದಿರಲಿ ಎಂದು. ಏನೇ ಇರಲಿ, ಅಂದಿನಿಂದ ಇಲ್ಲಿಯವರು ತಾವು ಕಂಡು ಕೇಳರಿಯದ ಯಾರದೋ ಆಪರೇಷನ್ನಿಗೆ, ಯಾರದೋ ಅಜ್ಜಿಯ ಸ್ನಾನಕ್ಕೆ ತಿಂಗಳು ತಿಂಗಳೂ ದುಡ್ಡು ಕಟ್ಟುತ್ತಿದ್ದಾರೆ. ಇಷ್ಟು ಕಟ್ಟಿದವನಿಗೆ ಗೆಳೆಯನ ಕಾಫಿಯ ದುಡ್ಡು ಕೊಟ್ಟು ನಂಟು ಗಟ್ಟಿ ಮಾಡಿಕೊಳ್ಳುವ ತುರ್ತು ಇರುವುದಿಲ್ಲ. ನಮಗೆ ಇದೆ. ರಾತ್ರಿ ಹನ್ನೆರಡಕ್ಕೆ ಎದೆನೋವು ಬಂದರೆ ಆಸ್ಪತ್ರೆಯ ಅಡ್ವಾನ್ಸಿಗೆ ನಾವು ಫೋನು ಮಾಡಬೇಕಾದದ್ದು ಆ ಗೆಳೆಯನಿಗೇ, ಆ ಷಡ್ಡಕನಿಗೇ. ಮದುವೆಯ ಮುಯ್ಯಿ, ಸತ್ತ ಮನೆಗೆ ಕಳಿಸುವ ಬುತ್ತಿ, ಗಲ್ಲಾದ ಮುಂದಿನ ಎಳೆದಾಟ ಇವೆಲ್ಲ ನಾವು ಕಟ್ಟುವ ವಿಮೆಯ ಕಂತುಗಳು. ಪ್ರೀತಿ ಇಲ್ಲವೆಂದು ನಾನು ಹೇಳುತ್ತಿಲ್ಲ. ಪ್ರೀತಿಯ ಹೆಗಲ ಮೇಲೆ ಇನ್ನೂ ಏನೇನೋ ಹೇರಿದ್ದೇವೆ ಎನ್ನುತ್ತಿದ್ದೇನೆ.

ಹೇರಿದ್ದನ್ನು ಪ್ರೀತಿ ತಾನಾಗಿಯೇ ಹೊರುವಂತಿದ್ದರೆ, ತಂದೆತಾಯಿಯರನ್ನು ಮಕ್ಕಳು ಸಾಕಲೇಬೇಕು ಎಂದು 2007ರಲ್ಲಿ ನಮ್ಮ ಸಂಸತ್ತು ಕಾಯ್ದೆ ಮಾಡಬೇಕಾಗಿ ಬರುತ್ತಿರಲಿಲ್ಲ. ಜರ್ಮನಿಯಲ್ಲೂ ಮಕ್ಕಳಿಗೆ ಅಂಥ ಹೊಣೆ ಇದೆ. ಆದರೆ 2020ರಿಂದ, ವರ್ಷಕ್ಕೆ 1 ಲಕ್ಷ ಯೂರೋಗಿಂತ ಹೆಚ್ಚು ವರಮಾನ ಇರುವ ಮಕ್ಕಳನ್ನು ಮಾತ್ರ ಸರ್ಕಾರ ಆ ಖರ್ಚು ಕೇಳುತ್ತದೆ.

ನಮ್ಮ ಅಂತಃಕರಣಕ್ಕೆ ಸರಹದ್ದು ಎಲ್ಲಿ ಎಂಬುದನ್ನು ತೋರಿಸಿಕೊಟ್ಟವರು, ವಿಚಿತ್ರವೆಂದರೆ, ಈ ಸೀಮೆಯಿಂದಲೇ ನಮ್ಮಲ್ಲಿಗೆ ಬಂದ ಪರದೇಶಿಗಳು. ವ್ಯುರ್ಟೆಂಬರ್ಗಿನ ಹೆರ್ಮನ್ ಮೋಗ್ಲಿಂಗ್ 1836ರಲ್ಲಿ ಬಾಸೆಲ್ ಮಿಷನ್ ಪರವಾಗಿ ಕನ್ನಡನಾಡಿಗೆ ಬಂದರು, 1843ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಹೊರಡಿಸಿದರು, 1881ರಲ್ಲಿ ಸ್ಟುಟ್‌ಗಾರ್ಟಿನ ಮಗ್ಗುಲಿನ ಎಸ್ಲಿಂಗೆನ್‌ನಲ್ಲಿ ತೀರಿಕೊಂಡರು. ನಿಘಂಟಿನ ಕಿಟ್ಟೆಲ್ 1903ರಲ್ಲಿ ತೀರಿಕೊಂಡ ಟ್ಯೂಬಿಂಗೆನ್ ಕೂಡ ಇಲ್ಲಿಂದ ದೂರವಲ್ಲ. ರಾಜ್ಯೋತ್ಸವ ಭಾಷಣಗಳಲ್ಲಿ ಇವರನ್ನು ನೆನೆಯುತ್ತೇವೆ, ನೆನೆಯಬೇಕಾದ್ದೇ. ಆದರೆ ಅವರ ಮಿಷನ್ ಮಂಗಳೂರಿನಲ್ಲಿ ನೇಯ್ಗೆ ಶಾಲೆಯನ್ನೂ, 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ಯಾಕೆ ತೆರೆಯಬೇಕಾಯಿತು ಎಂದು ಯಾರೂ ಕೇಳುವುದಿಲ್ಲ. ಮತಾಂತರಗೊಂಡವನನ್ನು ಜಾತಿ ಹೊರಗೆ ಹಾಕುತ್ತಿತ್ತು. ಹೊರಗೆ ಹಾಕಿದರೆ ಮನೆ, ಹೊಲ, ಬಾವಿ, ಕಸುಬು, ನೆಂಟಸ್ತನ ಎಲ್ಲ ಒಂದೇ ದಿನದಲ್ಲಿ ಹೋಗುತ್ತಿತ್ತು. ಅಂಥವರಿಗೆ ದುಡಿಮೆ ಕೊಡಲು ಕಾರ್ಖಾನೆಯೇ ಬೇಕಾಯಿತು. ಮಿಷನ್ನಿನ ಉದ್ದೇಶ ಏನಿತ್ತು ಎಂಬ ಜಗಳ ಬೇರೆ. ನನಗಿಲ್ಲಿ ಮುಖ್ಯವಾದದ್ದು ಇಷ್ಟು: ಹತ್ತಿರದವರ ಅಂತಃಕರಣವನ್ನೇ ನಂಬಿದ ಏರ್ಪಾಡಿನಲ್ಲಿ, ಹತ್ತಿರದವರು ಕೈಬಿಟ್ಟರೆ ಮನುಷ್ಯ ಬೀದಿಗೆ ಬೀಳುತ್ತಾನೆ. ಆ ಏರ್ಪಾಡಿನ ಒಳಗೆ ಹುಟ್ಟಿ ಬೆಳೆದವರಿಗೆ ಅದು ಬೆಚ್ಚಗೆ ಕಾಣುತ್ತದೆ. ಹೊರಗೆ ನಿಂತವರನ್ನು ಕೇಳಿದರೆ ಬೇರೆ ಉತ್ತರ ಬರುತ್ತದೆ.

ಹೆಂಗಸರನ್ನು ಕೇಳಿದರೂ ಅಷ್ಟೆ. ನಾನು ಗಮನಿಸಿದ ಮಟ್ಟಿಗೆ, ಇಲ್ಲಿಯ ಒಂಟಿತನದ ಬಗ್ಗೆ ಉದ್ದುದ್ದ ಮಾತಾಡುವವರು ಗಂಡಸರು. ಅವರ ಹೆಂಡತಿಯರು ನಡುನಡುವೆ ಹೂಂ ಅನ್ನುತ್ತಾರೆ, ಅಷ್ಟೇ. ಮೊದಲ ಎರಡು ಚಳಿಗಾಲ ಅವರಿಗೂ ಕಷ್ಟವೇ, ಭಾಷೆ ಬಾರದೆ, ಕೆಲಸ ಸಿಗದೆ ನಾಲ್ಕು ಗೋಡೆ ನೋಡಿಕೊಂಡು ಕೂತವರನ್ನು ಬಲ್ಲೆ. ಆಮೇಲೆ ಒಂದು ದಿನ ತಿಳಿಯುತ್ತದೆ: ಮದುವೆಯಾಗಿ ಮೂರು ವರ್ಷವಾಯಿತಲ್ಲ, ಏನಾದರೂ ವಿಶೇಷವೇ ಎಂದು ಕೇಳುವವರು ಈ ಮೆಟ್ಟಿಲಲ್ಲಿ ಯಾರೂ ಇಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಬಂದ ನೆಂಟರಿಗೆ ಉಪ್ಪಿಟ್ಟು ಕಲಕಬೇಕಾಗಿಲ್ಲ. ಹೇಳದೆ ಬರುವ ಅತಿಥಿಯ ಸೊಗಸನ್ನು ಹಾಡಿ ಹೊಗಳಿದವರು ಒಲೆಯ ಮುಂದೆ ನಿಂತವರಲ್ಲ. ಎರಡು ವಾರ ಮುಂಚೆ ದಿನ ಗೊತ್ತುಮಾಡಿಕೊಂಡು ಮಧ್ಯಾಹ್ನ ಮೂರೂವರೆಗೆ ಕೇಕು ಹಿಡಿದು ಬರುವ ಜರ್ಮನ್ ಅತಿಥಿ ನಮ್ಮ ಕಣ್ಣಿಗೆ ಒಣಕಲಾಗಿ ಕಾಣಬಹುದು. ಅವನು ಬರುತ್ತಾನೆಂದು ಯಾರೂ ನಿದ್ದೆಯಿಂದ ಎದ್ದು ಅಕ್ಕಿ ತೊಳೆಯಬೇಕಾಗಿಲ್ಲ.

ಭಾನುವಾರದ ಮೌನವೂ ಇದೇ ಜಾತಿಯದು. ಭಾನುವಾರ ಅಂಗಡಿ ಮುಚ್ಚಿರುತ್ತವೆ, ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಗಾಜಿನ ಬಾಟಲಿಗಳನ್ನು ರೀಸೈಕ್ಲಿಂಗ್ ಡಬ್ಬಿಗೆ ಹಾಕುವ ಸದ್ದೂ ಕೂಡದು. ಶನಿವಾರ ಕೊತ್ತಂಬರಿ ತರುವುದು ಮರೆತರೆ ಸೋಮವಾರದವರೆಗೆ ಸಾರಿಗೆ ಕೊತ್ತಂಬರಿ ಇಲ್ಲ. ಹೊಸದಾಗಿ ಬಂದವರು ಇದನ್ನು ಸತ್ತ ಊರು ಎನ್ನುತ್ತಾರೆ. ಈ ಮೌನ 1919ರ ವೈಮಾರ್ ಸಂವಿಧಾನದ 139ನೇ ವಿಧಿಯಲ್ಲಿ ಬರೆದಿಟ್ಟದ್ದು, 1949ರ ಸಂವಿಧಾನ ಅದನ್ನು ಹಾಗೇ ಉಳಿಸಿಕೊಂಡಿತು. ಬರ್ಲಿನ್ ಸರ್ಕಾರ ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕೂ ಭಾನುವಾರ ಅಂಗಡಿ ತೆರೆಯಲು ಬಿಟ್ಟಾಗ ಚರ್ಚುಗಳು ನ್ಯಾಯಾಲಯಕ್ಕೆ ಹೋದವು, 2009ರಲ್ಲಿ ಸಂವಿಧಾನ ನ್ಯಾಯಾಲಯ ಆ ಸಡಿಲಿಕೆ ಸಲ್ಲದು ಎಂದಿತು. ಕಾರ್ಮಿಕ ಸಂಘಗಳೂ ಈ ವಿಷಯದಲ್ಲಿ ಪಾದ್ರಿಗಳ ಪಕ್ಕದಲ್ಲೇ ನಿಲ್ಲುತ್ತವೆ, ಬೇರೆ ಕಡೆ ಇಬ್ಬರಿಗೂ ಅಷ್ಟಕ್ಕಷ್ಟೇ. ಗಲ್ಲಾದಲ್ಲಿ ಕೂರುವ ಹೆಂಗಸಿಗೂ ಮಗನ ಫುಟ್‌ಬಾಲ್ ಪಂದ್ಯ ನೋಡುವ ಒಂದು ದಿನ ಇರಲಿ ಎಂಬುದು ಅದರ ತಿರುಳು. ನನ್ನ ಕೊತ್ತಂಬರಿಗಿಂತ ಅದು ದೊಡ್ಡದು ಎಂದು ಒಪ್ಪಿಕೊಳ್ಳಲು ನನಗೆ ಕಷ್ಟವಾಗಿಲ್ಲ. ಕುಕ್ಕರಿನ ಸೀಟಿ ಭಾನುವಾರವೂ ಹೊಡೆಯುತ್ತದೆ, ಅದನ್ನು ಇನ್ನೂ ಯಾರೂ ನಿಷೇಧಿಸಿಲ್ಲ.

ಹಾಗಾದರೆ ಕಾಗದದ ಮೇಲೆ ನಿಂತ ಈ ಬದುಕಿನಲ್ಲಿ ತಕರಾರೇ ಇಲ್ಲವೇ? ಬೇಕಾದಷ್ಟಿವೆ. ಕಾಗದಕ್ಕೆ ತನ್ನ ಕಾಲಮ್ಮಿನಲ್ಲಿ ಕೂರದ ಮನುಷ್ಯನನ್ನು ಕಂಡರೆ ದಿಕ್ಕು ತೋಚುವುದಿಲ್ಲ. ಇಲ್ಲಿಯ ಎಷ್ಟೋ ಕಟ್ಟಡಗಳ ವಿಳಾಸದಲ್ಲಿ ಫ್ಲಾಟ್ ನಂಬರ್ ಇರುವುದಿಲ್ಲ, ಕರೆಗಂಟೆ ಮತ್ತು ಅಂಚೆಪೆಟ್ಟಿಗೆಯ ಮೇಲೆ ಬರೆದ ಮನೆತನದ ಹೆಸರೇ ವಿಳಾಸ. ಹೆಸರು ಹೊಂದದಿದ್ದರೆ ಪತ್ರ ವಾಪಸ್. ನಮ್ಮಲ್ಲಿ ಹಲವರಿಗೆ ಮನೆತನದ ಹೆಸರೇ ಇಲ್ಲ, ಊರಿನದೊಂದು ಅಪ್ಪನದೊಂದು ಇನಿಷಿಯಲ್ಲು. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಬಿಡಿಸಿ ಬರೆಸಿಕೊಂಡು ಬಂದ ಹಾಸನದ ರವಿ ಇಲ್ಲಿ 'ಹೆರ್ ಪುಟ್ಟಸ್ವಾಮಯ್ಯ' ಆಗುತ್ತಾನೆ. ಮಾವನ ಹೆಸರನ್ನು ಬಾಯಲ್ಲಿ ಹೇಳಲೂ ಹಿಂಜರಿಯುತ್ತಿದ್ದ ಸೊಸೆ 'ಫ್ರೌ ಪುಟ್ಟಸ್ವಾಮಯ್ಯ' ಎಂದು ಸಹಿ ಹಾಕಿ ಪಾರ್ಸೆಲ್ ತೆಗೆದುಕೊಳ್ಳುತ್ತಾಳೆ. ಇದು ನಗುವ ವಿಷಯ. ವೀಸಾ ನವೀಕರಣಕ್ಕೆ ದಿನ ಸಿಗದೆ, ಹಳೆಯ ಪರವಾನಗಿಯ ಅವಧಿ ಮುಗಿಯುತ್ತಾ ಬಂದು, ಅಪ್ಪ ಹಾಸಿಗೆ ಹಿಡಿದಿದ್ದರೂ ವಿಮಾನ ಹತ್ತಲು ಧೈರ್ಯ ಸಾಲದೆ ಕೂತವರದು ನಗುವ ವಿಷಯವಲ್ಲ. ನಮ್ಮ ಊರಿನ ತಾಲ್ಲೂಕು ಆಫೀಸಿನಲ್ಲಾದರೆ ಯಾರನ್ನಾದರೂ ಹಿಡಿದು ಏನಾದರೂ ಮಾಡಬಹುದಿತ್ತು ಎಂದು ಅಂಥವರಿಗೆ ಅನ್ನಿಸುವುದು ಸಹಜ. ಹಿಡಿಯಲು ಯಾರೂ ಇಲ್ಲದವರ ಪಾಡು ಆ ತಾಲ್ಲೂಕು ಆಫೀಸಿನಲ್ಲಿ ಏನು ಎಂಬುದೂ ಜೊತೆಗೇ ನೆನಪಾಗಬೇಕು, ಆಗುವುದಿಲ್ಲ.

ಕಾಯ್ದೆ ಏನೇ ಇದ್ದರೂ ಜನ ಪಾಲಿಸಬೇಕಲ್ಲ, ನಮ್ಮವರ ಕೈಲಿ ಆಗುತ್ತದೆಯೇ ಎನ್ನುವವರಿಗೆ ಇಲ್ಲಿಯ ಕನ್ನಡ ಸಂಘಗಳೇ ಉತ್ತರ. ಜರ್ಮನಿಯಲ್ಲಿ ಸಂಘವೊಂದನ್ನು ನೋಂದಾಯಿಸಲು ಕನಿಷ್ಠ ಏಳು ಸದಸ್ಯರು, ಒಂದು ನಿಯಮಾವಳಿ, ಚುನಾಯಿತ ಪದಾಧಿಕಾರಿಗಳು ಬೇಕು. ಹಾಡುವವರದು, ಚಾರಣದವರದು, ಮೊಲ ಸಾಕುವವರದು ಎಂದು ಇಲ್ಲಿ ಸಂಘಗಳು ಲಕ್ಷಗಟ್ಟಲೆ ಇವೆ. ಒಂಟಿ ಜನ ಎಂದು ನಾವು ಕರೆಯುವವರು ಸೇರುವುದು ಹೀಗೆ. ನಮ್ಮ ಸಂಘಗಳೂ ಇದೇ ಅಚ್ಚಿನಲ್ಲಿ ನಡೆಯುತ್ತವೆ. ರಾಜ್ಯೋತ್ಸವಕ್ಕೆ ಬಾಡಿಗೆ ಹಿಡಿದ ಸಭಾಂಗಣವನ್ನು ರಾತ್ರಿ ಹತ್ತಕ್ಕೆ ಹೇಗಿತ್ತೋ ಹಾಗೆ ಒಪ್ಪಿಸಬೇಕು, ಇಲ್ಲದಿದ್ದರೆ ಠೇವಣಿ ಹೋಗುತ್ತದೆ. ಡೊಳ್ಳು ಕುಣಿತ ಮುಗಿದ ಕೂಡಲೇ ಅಧ್ಯಕ್ಷರು ಪೊರಕೆ ಹಿಡಿಯುತ್ತಾರೆ, ಖಜಾಂಚಿ ಬಿಸಿಬೇಳೆಬಾತಿನ ಪಾತ್ರೆ ಉಜ್ಜುತ್ತಾರೆ, ಬೆಳಗ್ಗೆ ರೇಷ್ಮೆ ಜುಬ್ಬದಲ್ಲಿ ದೀಪ ಹಚ್ಚಿದವರು ಪ್ಲಾಸ್ಟಿಕ್ಕು ಬೇರೆ, ಕಾಗದ ಬೇರೆ ಎಂದು ಚೀಲ ಕಟ್ಟುತ್ತಾರೆ. ಬೆಂಗಳೂರಿನ ಕಲ್ಯಾಣ ಮಂಟಪದಲ್ಲಿ ಎಂಜಲೆಲೆಯಿಂದ ಎದ್ದು ಹಿಂತಿರುಗಿ ನೋಡದೆ ಹೋಗುತ್ತಿದ್ದವರೇ ಇವರು. ರಕ್ತ ಬದಲಾಗಿಲ್ಲ.

ಅಲ್ಲಿಗೆ ಜರ್ಮನಿ ಗೆದ್ದಿತು ಎಂದೇನೂ ಅಲ್ಲ. ಇವರ ಏರ್ಪಾಡೂ ಯಾರದೋ ಬೆನ್ನ ಮೇಲೆ ನಿಂತಿದೆ. ಇಲ್ಲಿಯ ಮುದುಕರನ್ನು ನೋಡಿಕೊಳ್ಳುವವರಲ್ಲಿ ಪೋಲೆಂಡ್, ರೊಮೇನಿಯಾಗಳಿಂದ ಬಂದು ಮನೆಯಲ್ಲೇ ಉಳಿದು ದುಡಿಯುವ ಹೆಂಗಸರು ಬಹಳ ಮಂದಿ. 1960ರ ದಶಕದಿಂದ ಬರುತ್ತಿರುವ ಕೇರಳದ ನರ್ಸುಗಳೂ ಇದ್ದಾರೆ. 2024ರಲ್ಲಿ ಭಾರತದ ನುರಿತ ಕೆಲಸಗಾರರಿಗೆ ವರ್ಷಕ್ಕೆ ಕೊಡುವ ವೀಸಾಗಳನ್ನು 20 ಸಾವಿರದಿಂದ 90 ಸಾವಿರಕ್ಕೆ ಏರಿಸುವುದಾಗಿ ಜರ್ಮನಿ ಹೇಳಿತು. ಪಿಂಚಣಿಯ ಗಾಡಿ ಎಳೆಯಲು ಇಲ್ಲಿಯ ಹೆಗಲುಗಳು ಸಾಲುತ್ತಿಲ್ಲ. ನಾವು ಬಂದು ಎಳೆಯುತ್ತಿದ್ದೇವೆ, ಇಲ್ಲಿಯವರ ಅಪ್ಪ ಅಮ್ಮನ ಮುಪ್ಪಿಗೆ ಕಂತು ಕಟ್ಟುತ್ತಿದ್ದೇವೆ.

ನಮ್ಮ ಅಪ್ಪ ಅಮ್ಮ ಮೈಸೂರಿನಲ್ಲಿ, ಧಾರವಾಡದಲ್ಲಿ ಇದ್ದಾರೆ. 2024ರ ಮಾರ್ಚ್ 1ರಿಂದ ಹೊಸದಾಗಿ ಪರವಾನಗಿ ಪಡೆದ ಕೆಲವು ಬಗೆಯ ನುರಿತ ನೌಕರರು ತಂದೆತಾಯಿಯರನ್ನು ಕರೆಸಿಕೊಳ್ಳಬಹುದು ಎಂದು ಕಾಯ್ದೆ ಬಾಗಿಲು ತೆರೆಯಿತು. ಆದರೆ ಅವರಿಗೆ ಇಲ್ಲಿ ಆರೋಗ್ಯ ವಿಮೆ ಇರಬೇಕು, ಎಪ್ಪತ್ತು ದಾಟಿದವರಿಗೆ ಅದನ್ನು ಹೊಂದಿಸುವುದು ಸುಲಭವಲ್ಲ. ಅದಕ್ಕೂ ಮುಂಚೆ ಬಂದವರಿಗೆ ಆ ಬಾಗಿಲೂ ಇಲ್ಲ. ಹಾಗಾಗಿ ಮಾಡುವುದೇನೆಂದರೆ, ಊರಿನಲ್ಲಿ ಇಪ್ಪತ್ತನಾಲ್ಕು ಗಂಟೆಯೂ ಜೊತೆಗಿರುವ ಒಬ್ಬ ಹೆಂಗಸನ್ನು ಗೊತ್ತು ಮಾಡುತ್ತೇವೆ. ಆಕೆ ಹೆಗ್ಗಡದೇವನಕೋಟೆ ಕಡೆಯಿಂದಲೋ ಕಲಘಟಗಿ ಕಡೆಯಿಂದಲೋ ಬಂದಿರುತ್ತಾಳೆ, ತನ್ನ ಮಗುವನ್ನು ತನ್ನ ತಾಯಿಯ ಹತ್ತಿರ ಬಿಟ್ಟು. ಅವಳಿಗೆ ಪಿಎಫ್ ಇಲ್ಲ, ಕರಾರು ಇಲ್ಲ. ಸಂವಿಧಾನವೇ ಕಾಯುವ ಭಾನುವಾರದಲ್ಲಿ ಬೆಳಗ್ಗೆ ಹತ್ತರವರೆಗೆ ಮಲಗಿ ಎದ್ದು ನಾವು ಫೋನು ಮಾಡುವ ಹೊತ್ತಿಗೆ ಅವಳು ಆ ವಾರದ ಏಳನೆಯ ದಿನದ ದುಡಿಮೆಯಲ್ಲಿರುತ್ತಾಳೆ.

ಇಂಥ ಕೆಲಸಕ್ಕೆ ಇಟ್ಟುಕೊಂಡವರೊಂದಿಗೆ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳಬೇಕು, ವಾರಕ್ಕೊಂದು ರಜೆ, ಆ ದಿನಕ್ಕೆ ಬದಲಿ ಜನ, ವಿಮೆಯ ಕಂತು ಇಷ್ಟನ್ನಾದರೂ ಅದರಲ್ಲಿ ಸೇರಿಸಬೇಕು, ಸಂಘವೇ ಒಂದು ಮಾದರಿ ಕಾಗದ ಸಿದ್ಧಪಡಿಸಿ ಸದಸ್ಯರಿಗೆ ಹಂಚಬೇಕು ಎಂಬುದು ನನ್ನ ಸಲಹೆ. ಊಟದ ಹೊತ್ತಿನಲ್ಲಿ ಇದನ್ನು ಎತ್ತಿದರೆ ಬರುವ ಉತ್ತರವೂ ಗೊತ್ತಿದೆ: "ಅಯ್ಯೋ, ಅವಳು ಮನೆಯವಳ ಥರಾನೇ ಇದಾಳೆ, ಅವಳ ಹತ್ರ ಎಂಥ ಕಾಗದ?" ಹಾಗೆನ್ನುವವರು ಸ್ಟುಟ್‌ಗಾರ್ಟಿನಲ್ಲಿ ತಮ್ಮ ವರ್ಷದ ಮೂವತ್ತು ದಿನದ ರಜೆಯಲ್ಲಿ ಒಂದನ್ನೂ ಬಿಟ್ಟುಕೊಟ್ಟವರಲ್ಲ, ಬಿಡಬೇಕೆಂದು ಕಂಪನಿ ಕೇಳಿದರೆ ಕರಾರಿನ ಪುಟ ತೆರೆದು ತೋರಿಸುವವರು. ಆ ಪುಟದಲ್ಲಿ ಏನಿದೆಯೋ ಅದನ್ನೇ ಕನ್ನಡದಲ್ಲಿ ಬರೆದು ಅವಳ ಕೈಗೆ ಕೊಡಿ ಎಂದಷ್ಟೇ ನಾನು ಕೇಳುತ್ತಿರುವುದು.